ನಾಲ್ಕು ಅಡಿ ಸಂದಿ

ಆ ಊರು ಹುಟ್ಟಿದ್ದು ಒಂದು ಸರಪಳಿಯಿಂದ. ನಗರದಾಚೆಯ ಬಯಲನ್ನು ಸೈಟುಗಳಾಗಿ ಅಳೆಯುವಾಗ ಸರಪಳಿಯ ಮುಂದಿನ ತುದಿ ಹಿಡಿದವನು ಸರ್ವೇ ಕೆಲಸದ ಒಬ್ಬ ಆಳು. ಸರಪಳಿ ನೆಟ್ಟಗೆ ಸೆಟೆದೊಡನೆ ‘ಬಿಗಿ’ ಎಂದು ಕೂಗಬೇಕು. ಕೂಗಿದಲ್ಲಿ ಗೂಟ, ಗೂಟವಿದ್ದಲ್ಲಿ ಗೋಡೆ. ಮನೆಯಲ್ಲೂ ಹೂಂ ಎನ್ನುವ ಬದಲು ಬಿಗಿ ಎನ್ನುತ್ತಿದ್ದನಂತೆ. ವಯಸ್ಸಾದ ಮೇಲೆ ಊರಿಗೆಲ್ಲ ಬಿಗಿತಾತನಾದ.

ಕೆಲಸದಲ್ಲಿ ಅವನು ಹೇಳಿದ ಸುಳ್ಳು ಒಂದೇ. ಗೂಟ ಬೀಳುವ ಮೂರು ತಿಂಗಳ ಮೊದಲು ಎಂಟು ದಿನದ ಮಗಳನ್ನು ಆ ಬಯಲಲ್ಲೇ ಮಣ್ಣು ಮಾಡಿದ್ದ. ಬಯಲು ಬಯಲಾಗಿಯೇ ಇರುತ್ತದೆ ಎಂದು ಯಾರು ತಾನೇ ನಂಬುವುದಿಲ್ಲ? ಅಳತೆ ಅತ್ತ ಬರುತ್ತಿದೆ ಎಂದು ತಿಳಿದಾಗ ಹೆಂಡತಿ ಇಷ್ಟೇ ಹೇಳಿದಳು: “ನನ್ನ ಕೂಸನ್ನ ಯಾರೂ ತುಳೀಬಾರ್ದು.” ಮರುದಿನ ಎದೆಮಟ್ಟದ ಹುಲ್ಲಿನ ಮರೆಯಲ್ಲಿ, ಸರಪಳಿ ಸಡಿಲವಿರುವಾಗಲೇ ‘ಬಿಗಿ’ ಎಂದುಬಿಟ್ಟ. ಗೋಡೆ ನಾಲ್ಕು ಅಡಿ ಈಚೆಗೇ ನಿಂತಿತು. ಆಚೆಯ ಸೈಟುಗಳ ಸಾಲನ್ನು ಬಯಲಿನ ಇನ್ನೊಂದು ತುದಿಯಿಂದ ಅಳೆದು ತಂದರು. ಎರಡು ಮನೆಗಳ ನಡುವೆ ನಕ್ಷೆಯಲ್ಲಿಲ್ಲದ ಸಂದಿಯೊಂದು ಉಳಿಯಿತು.

ಬಸ್ಸು ಬಂತು, ಶಾಲೆ ಬಂತು, ಮನೆಗಳ ಮೇಲೆ ಮನೆಗಳೆದ್ದವು. ಸಂದಿ ಬಸ್ಸಿಗೆ ಹೋಗುವವರ ಅಡ್ಡದಾರಿಯಾಯಿತು. ಅವನೂ ದಿನಾ ಅಲ್ಲೇ ಹೋಗುತ್ತಿದ್ದ. ಕೂಸು ಮಲಗಿದ್ದ ಜಾಗ ಬಂದಾಗ ಉದ್ದ ಹೆಜ್ಜೆ ಹಾಕಿ ದಾಟುತ್ತಿದ್ದ. ಮನೆಗೆ ಬಂದರೆ ಹೆಂಡತಿಯದು ಒಂದೇ ಪ್ರಶ್ನೆ: “ಯಾರಾದ್ರೂ ತುಳಿದ್ರಾ?” ಅವಳು ಹೋಗಿ ಒಂಬತ್ತು ವರ್ಷವಾದರೂ ಪ್ರಶ್ನೆ ಹೋಗಿರಲಿಲ್ಲ. ಬೀಗ ತೆಗೆದೊಡನೆ ಒಳಗಿನಿಂದ ಕೇಳುತ್ತಿತ್ತು. ಊರಿಗೆಲ್ಲ ಬಿಗಿ ಎಂದವನಿಗೆ ಅಲ್ಲಿ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಮೊನ್ನೆ ಅಕ್ಕಪಕ್ಕದ ಮನೆಯವರಿಬ್ಬರೂ ಸಂದಿಯನ್ನು ಹಂಚಿಕೊಂಡು ಗೋಡೆ ಕಟ್ಟಲು ಅರ್ಜಿ ಕೊಟ್ಟರು. ಅಳೆಯಲು ಬಂದ ಸರ್ವೇಯರ್ ಅದೇ ಬೀದಿಯಲ್ಲಿ ಬೆಳೆದ ಹುಡುಗಿ. ಅವನೂ ಹೋಗಿ ನಿಂತಿದ್ದ.

“ಬಿಗಿತಾತ, ಇಲ್ಲಿ ನಾಲ್ಕಡಿ ಹೆಚ್ಚಿದೆಯಲ್ಲ. ನಿಮ್ಮ ಸರಪಳಿ ಬಿಗಿ ಇತ್ತು ತಾನೇ?” ಎಂದು ನಗುತ್ತ ಮುಂದೆ ನಡೆದಳು. ಆ ಜಾಗ ಬಂದಾಗ ಕಾಲೆತ್ತಿ ಉದ್ದ ಹೆಜ್ಜೆ ಹಾಕಿದಳು.

ಅವನು ತಡೆದು ಕೇಳಿದ: “ಅದ್ಯಾಕಮ್ಮ ಹಾಗೆ ದಾಟಿದೆ?”

“ಯಾಕೋ ಗೊತ್ತಿಲ್ಲ ತಾತ. ಚಿಕ್ಕವರಿದ್ದಾಗ ನಿಮ್ಮನ್ನ ಅಣಕಿಸ್ತಾ ದಾಟ್ತಿದ್ವಿ. ಈಗ ಬೀದಿಯೋರೆಲ್ಲ ಹಾಗೇ. ಇಲ್ಲಿ ಯಾರೂ ಕಾಲಿಡಲ್ಲ.”

ಅವನು ಪಕ್ಕದಲ್ಲೇ ಕುಳಿತು ಎಲ್ಲ ಹೇಳಿದ. ಹುಡುಗಿ ಅಳತೆಯ ಪುಸ್ತಕ ತೆರೆದಳು. ಅದರಲ್ಲಿ ‘ಹೆಚ್ಚುವರಿ ಜಾಗ’ ಎಂದು ಬರೆದದ್ದನ್ನು ಹೊಡೆದುಹಾಕಿ ‘ಸಾರ್ವಜನಿಕ ದಾರಿ’ ಎಂದು ಬರೆದಳು. ದಾರಿಗೆ ಅಡ್ಡ ಗೋಡೆ ಕಟ್ಟುವಂತಿಲ್ಲ.

ಮನೆಗೆ ಬಂದು ಬೀಗ ತೆಗೆದ. ಪ್ರಶ್ನೆ ಕಾದು ನಿಂತಿತ್ತು.

“ಇಲ್ಲ ಕಣೇ,” ಎಂದ. “ಯಾರೂ ತುಳಿದಿಲ್ಲ.”