ಅವ್ವನಿಗೆ ಗೊತ್ತಿಲ್ಲದ ಮೀನು

ಸುಳ್ಳು ಹಿಡಿಯುವ ಯಂತ್ರಕ್ಕೆ ನನ್ನನ್ನು ಕಟ್ಟಿದರೆ ಕೆಡುವುದು ಯಂತ್ರವೇ. ಸ್ವಂತ ಹೆಸರು ಹೇಳುವಾಗಲೂ ಅಂಗೈ ಬೆವರುವವರ ಪೈಕಿ ನಾನು. ಪರದೇಶದಲ್ಲಿ, ರೈಸ್‌ವೈಕ್ ಎಂಬ ಊರಿನ ನಮ್ಮ ಕಚೇರಿಗೆ ನೌಕಾಪಡೆಯ ರಾಡಾರ್ ಕೆಲಸ ಬಂದು, ಅದಕ್ಕೆ ಸೇರುವವರನ್ನು ಸರಕಾರ ಮೊದಲು ಪರೀಕ್ಷಿಸುತ್ತದೆ ಎಂದಾಗ ನಾನು ಹೆದರಿದ್ದು ಆ ಯಂತ್ರಕ್ಕೇ. ಈ ದೇಶದಲ್ಲಿ ಅದೆಲ್ಲ ಇಲ್ಲ, ಎದುರು ಕೂತು ಮಾತಾಡಿಸುತ್ತಾರಷ್ಟೇ ಎಂದು ಮೇಲಧಿಕಾರಿ ಹೇಳಿದ ಮೇಲೆ ಹೋದ ಜೀವ ಬಂತು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಬೇರೆಯವರ ಪ್ರೋಗ್ರಾಂಗಳ ತಪ್ಪು ತಿದ್ದಿ ತಿದ್ದಿ ಸಾಕಾಗಿತ್ತು.

ಮಾತಾಡಿಸಲು ಬಂದವರು ನಡುವಯಸ್ಸಿನ ಹೆಂಗಸು, ಬಲು ತಾಳ್ಮೆಯವರು. ಕುಡಿತ, ಸಾಲ, ಊರಿನ ನಂಟರು ಎಲ್ಲ ಕೇಳಿ ಮುಗಿಸಿ, ಕಾಫಿ ಕಪ್ಪು ಕೆಳಗಿಟ್ಟು, "ಮನೆಯವರಿಂದ ಮುಚ್ಚಿಟ್ಟಿದ್ದು ಏನಾದರೂ ಇದೆಯೇ?" ಎಂದರು. ಅಂಥದ್ದು ಗೊತ್ತಾದವರು ಬೆದರಿಸಿ ನಮ್ಮಿಂದ ಕೆಲಸದ ಗುಟ್ಟು ಹೊರಡಿಸಬಹುದಂತೆ.

ಇತ್ತು. ಧಾರವಾಡದ ಲಿಂಗಾಯತ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದೆ ಬೆಳೆದ ನಾನು, ಪ್ರತಿ ಶುಕ್ರವಾರ ಸಂತೆಯ ಮೀನಿನ ಗಾಡಿಯ ಮುಂದೆ ನಿಂತು, ಹಸಿ ಹೇರಿಂಗ್ ಮೀನಿಗೆ ಹೆಚ್ಚಿದ ಉಳ್ಳಾಗಡ್ಡಿ ಹಾಕಿಸಿಕೊಂಡು ತಿನ್ನುತ್ತಿದ್ದೆ. ಹೆಂಡತಿಗೆ ಗೊತ್ತಿತ್ತು. ಬೇಸಿಗೆ ಕಳೆಯಲು ನಮ್ಮಲ್ಲಿಗೆ ಬಂದಿದ್ದ ಅವ್ವನಿಗೆ ಗೊತ್ತಿರಲಿಲ್ಲ.

ಹೇಳಿದೆ. ಅವರು ನಗಲಿಲ್ಲ.

"ತಾಯಿಗೆ ಹೇಳಿಬಿಡುತ್ತೇವೆ ಅಂತ ಯಾರಾದರೂ ಬೆದರಿಸಿದರೆ?"

ಏನೂ ಆಗದು ಎಂದುಬಿಡಬಹುದಿತ್ತು. ನಾನು ಪೆದ್ದನಂತೆ ನಿಜವಾಗಿಯೂ ಯೋಚಿಸಿದೆ. ರಾಡಾರಿನ ಗುಟ್ಟು ಕೊಡುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ಊಟ ನಿದ್ದೆ ಬಿಡುತ್ತಿದ್ದದ್ದು ಖರೆ. ಹಾಗೆಂದೇ ಹೇಳಿದೆ. "ಹಾಗಾದರೆ ಬೇರೆಯವರು ಹೇಳುವ ಮೊದಲು ನೀವೇ ಹೇಳಿಬಿಡಿ" ಎಂದು ಅವರು ಎದ್ದರು.

ಅಂದು ಸಂಜೆ ಅವ್ವ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒದರಿದೆ. ಅವಳ ಕೈ ನಿಂತಿತು.

"ಇದನ್ನ ಮೊದಲ ಯಾರ ಮುಂದ ಹೇಳಿದಿ?"

"ಸರಕಾರದಾಕಿ ಮುಂದ."

"ಗುರ್ತಿಲ್ಲದಾಕಿಗೆ ಮೊದಲ, ಹಡದಾಕಿಗೆ ಆಮ್ಯಾಲೆ. ಹೌದಿಲ್ಲೋ?"

ಮೀನಿನ ಬಗ್ಗೆ ಒಂದು ಮಾತೂ ಇಲ್ಲ! ಬೈಗುಳಕ್ಕೆ ತಯಾರಾಗಿ ಬಂದಿದ್ದ ನನಗೆ ಇದು ಎದೆಗೇ ನಾಟಿತು. ಆಮೇಲೆ ಅವಳು ಮಾತು ಬಿಟ್ಟಳು. ರೊಟ್ಟಿ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ನನಗೆ ಸಂಕಟವಾಗುತ್ತಿತ್ತು. ಆದರೂ ರಾತ್ರಿ ಗಡದ್ದಾಗಿ ನಿದ್ದೆ ಬರುತ್ತಿತ್ತು ಎಂಬುದನ್ನೂ ಹೇಳಬೇಕು.

ಸರಕಾರದ ಒಪ್ಪಿಗೆ ಮುಂದೊಂದು ದಿನ ಬಂತು. ಆ ಕೆಲಸದಲ್ಲಿ ಹಾಯಾಗಿಯೇ ಇದ್ದೆ. ಆದರೆ ನನ್ನ ನಿಜವಾದ ಪರೀಕ್ಷೆ ನಡೆದದ್ದು ಅದಕ್ಕೂ ಮುಂಚಿನ ಶುಕ್ರವಾರ. ಸಂತೆಗೆ ಹೊರಟಿದ್ದೆ. ನೋಡಿದರೆ ಅವ್ವ ಚಪ್ಪಲಿ ಮೆಟ್ಟಿ, ಸ್ವೆಟರ್ ತೊಟ್ಟು ಬಾಗಿಲಲ್ಲಿ ನಿಂತಿದ್ದಾಳೆ.

"ನಡಿ, ಎಲ್ಲಿ ತಿಂತಿ ತೋರಸು."

ಗಾಡಿಯ ಹತ್ತಿರ ಬರುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನ್ನ ಚೀಲವನ್ನು ತಾನೇ ಇಸಿದುಕೊಂಡಳು.

"ಕದ್ದು ತಿನಬ್ಯಾಡ. ತಿನ್ನು, ನಾ ಇಲ್ಲೇ ನಿಂತಿರತೀನಿ."

ಮೀನಿನ ತಟ್ಟೆ ಕೈಗೆ ಬಂತು. ಅಂಗೈ ಬೆವರಿತ್ತು. ಒಂದು ತುಂಡನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಸೆರಗಿನ ಹಿಂದಿನಿಂದ ಅವ್ವ ಕೇಳಿದಳು:

"ಮುಳ್ಳ ತಗದಾರೇನೋ? ನೋಡ್ಕೊಂಡ ತಿನ್ನು."