ಮತ್ತು ಇತರರು

“ನಮ್ಮವರ ಹೆಸರು ಎಲ್ಲೈತಿ, ಸ್ವಲ್ಪ ತೋರಸವ್ವಾ,” ಎನ್ನುತ್ತ ವಯಸ್ಸಾದ ಹೆಂಗಸೊಬ್ಬರು ಕನ್ನಡಕ ಹಾಕಿಕೊಂಡು, ನನ್ನ ಮುಂದಿದ್ದ ತೀರ್ಪುಗಳ ದಪ್ಪ ಪುಸ್ತಕದ ಮೇಲೆ ಬಾಗಿದರು.

ನಾನು ಧಾರವಾಡದಲ್ಲಿ ವಕೀಲರ ಸಹಾಯಕರ ಕೆಲಸ ಕಲಿಸುವ ಪ್ಯಾರಾಲೀಗಲ್ ಕೋರ್ಸ್ ಓದುತ್ತಿದ್ದೇನೆ. ಹಳೆಯ ತೀರ್ಪುಗಳನ್ನು ಹುಡುಕುವುದನ್ನು ಕಲಿಯಲು ದೇಶಪಾಂಡೆ ನಗರದ ವಕೀಲರೊಬ್ಬರ ಕಚೇರಿಗೆ ಹೋಗುತ್ತೇನೆ. ಆಕೆಯ ಗಂಡ ತಾರಿಹಾಳದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದರಂತೆ. ಕೆಲಸದಿಂದ ತೆಗೆದಾಗ ಜೊತೆಯವರೊಂದಿಗೆ ಸೇರಿ ಹೈಕೋರ್ಟಿನವರೆಗೂ ಹೋದವರು, ಗೆದ್ದ ಸುದ್ದಿ ಕೇಳಲು ಉಳಿಯಲಿಲ್ಲ. ಆ ತೀರ್ಪು ಪುಸ್ತಕದಲ್ಲಿ ಅಚ್ಚಾಗಿದೆ ಎಂದು ಯಾರೋ ಹೇಳಿದ್ದರಿಂದ ಈಕೆ ಅದರಲ್ಲಿ ಗಂಡನ ಹೆಸರು ನೋಡಲು ಬಂದಿದ್ದರು.

ಪುಟ ಬೇಗ ಸಿಕ್ಕಿತು. ಕೆಲಸ ಕೈಗೆ ಹತ್ತಿತೆಂದು ಒಳಗೊಳಗೇ ಹಿಗ್ಗಿದೆ. ಆದರೆ ಇಂಗ್ಲಿಷಿನ ಆ ಪುಟದಲ್ಲಿ ಅರ್ಜಿದಾರರ ಪೈಕಿ ಮೊದಲನೆಯವರ ಹೆಸರು ಮಾತ್ರ ಇತ್ತು. ಅದರ ಮುಂದೆ ‘ಮತ್ತು ಇತರರು’. ತೀರ್ಪನ್ನು ಕೊನೆಯವರೆಗೂ ಓದಿದೆ. ಬೇರೆ ಯಾರ ಹೆಸರೂ ಇರಲಿಲ್ಲ.

“ಇತರರು ಅಂತ ಬರದಾರಲ್ರಿ ಅವ್ವಾರ, ಅದರಾಗ ಅವರೂ ಬಂದ್ರು,” ಎಂದು ಆ ಪದ ತೋರಿಸಿದೆ.

ಆಕೆ ಅದರ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, “ಹೋಗ್ಲಿ ಬಿಡವ್ವಾ. ಮೊಮ್ಮಗಳಿಗೆ ಹೆಸರು ಐತಿ ಅಂತನ ಹೇಳ್ತೇನಿ,” ಎಂದು ಎದ್ದರು.

ತೀರ್ಪು ಹುಡುಕಲು ಮೊದಲನೆಯವರ ಹೆಸರು ಸಾಕು, ಉಳಿದವರದು ಬೇಕಿಲ್ಲ ಎಂದು ನಮಗೆ ಶುರುವಿನಲ್ಲೇ ಕಲಿಸುತ್ತಾರೆ. ಅದು ನಿಜವೇ. ಆದರೆ ಆಕೆ ತೀರ್ಪನ್ನು ಹುಡುಕಿಕೊಂಡು ಬಂದಿರಲಿಲ್ಲ.