ಬೀಗದ ಟೀಚರ್

ನಮ್ಮ ಶಾಲೆಯ ಬೀಗದ ಟೀಚರಿಗೆ ಆ ಹೆಸರು ಬಂದದ್ದು ಸೊಂಟದ ಬೀಗದಕೈ ಗೊಂಚಲಿನಿಂದ; ಅವರಿಗಿಂತ ಮೊದಲು ಅದರ ಸದ್ದು ವರಾಂಡಕ್ಕೆ ಬಂದಿರುತ್ತದೆ. ಕಾಯಿಲೆಯ ಮಕ್ಕಳನ್ನು ತರಗತಿಯಲ್ಲಿ ನೋಡಿಕೊಳ್ಳುವುದು ಹೇಗೆಂದು ಶಿಕ್ಷಕರಿಗೆ ತರಬೇತಿ ಕೊಟ್ಟಾಗ ನಮ್ಮ ಪರವಾಗಿ ಹೋದವರು ಇವರೇ. 'ಔಷಧಿ ಕಂಡಕಂಡ ಮಕ್ಕಳ ಕೈಗೆ ಸಿಗಬಾರದು' ಎಂದು ಅಲ್ಲಿಯ ಡಾಕ್ಟರು ಹೇಳುವಷ್ಟರಲ್ಲಿ ಊಟದ ಹೊತ್ತಾಯಿತಂತೆ; ಇವರು ಉಂಡು, ಉಳಿದ ಪಾಠಕ್ಕೆ ಕೂರದೆ, ಸಹಿ ಹಾಕಿ ಮನೆಗೆ ಬಂದರು. ಕೇಳಿಸಿಕೊಂಡ ಆ ಒಂದು ಮಾತನ್ನು ಮಾತ್ರ ಇವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಮೂರ್ಛೆ ಬರುವವನ ಮಾತ್ರೆ, ಸಕ್ಕರೆ ಕಾಯಿಲೆಯವನ ಗ್ಲೂಕೋಸ್, ಉಬ್ಬಸದ ಹುಡುಗಿಯ ಇನ್‌ಹೇಲರ್, ಎಲ್ಲವನ್ನೂ ಒರೆಸಿ, ಹೆಸರಿನ ಚೀಟಿ ಅಂಟಿಸಿ, ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಜಗ್ಗಿ ನೋಡುತ್ತಾರೆ. ಅವರು ರಜೆ ಹಾಕಿದರೆ ಬೀಗದಕೈಗೂ ರಜೆ. ಉಬ್ಬಸದ ಹುಡುಗಿ ಎದೆ ಸಿಳ್ಳೆ ಹಾಕುತ್ತಿರುವಾಗ ಬಂದು ಕೈಚಾಚಿದರೆ, "ಇನ್ನೊಂಚೂರು ತಡ್ಕೋ ಮಗಳೇ, ಸುಮ್ಸುಮ್ನೆ ಅಭ್ಯಾಸ ಆಗ್ಬಿಡುತ್ತೆ" ಎಂದು ಬೆನ್ನು ಸವರುತ್ತಾರೆ. ಆ ಕೈಯಲ್ಲಿ ಪ್ರೀತಿಗೇನೂ ಬರವಿಲ್ಲ. ಬುತ್ತಿ ತರದ ಮಕ್ಕಳಿಗೆಲ್ಲ ತಮ್ಮ ಡಬ್ಬಿ ಬಿಚ್ಚಿ ಕೊಡುವ ಕೈ ಅದು. ಮದ್ದು ಆ ಹುಡುಗಿಯ ಹತ್ತಿರವೇ ಇರಲಿ ಎಂದು ನಾನೊಮ್ಮೆ ಜಗಳಕ್ಕೇ ನಿಂತೆ. "ತರಬೇತಿಗೆ ಹೋದೋರು ನೀವೋ ನಾನೋ?" ಎಂದರು. ಹೆಡ್‌ಮಾಸ್ಟರೂ ಅವರ ಮಾತಿಗೇ ಹೌದೆಂದು ತಲೆಯಾಡಿಸಿದರು. ನಿನ್ನೆ ಬೀಗದ ಟೀಚರೇ ನನ್ನನ್ನು ತರಗತಿಯ ಬಾಗಿಲಿಗೆ ಕರೆದು, "ನೋಡಿ, ಎಷ್ಟು ವಾಸಿಯಾಗಿದೆ. ಈಚೆಗೆ ಮದ್ದು ಕೇಳೋದೇ ಇಲ್ಲ" ಎಂದು ಹೆಮ್ಮೆಯಿಂದ ತೋರಿಸಿದರು. ಹಿಂದಿನ ಬೆಂಚಿನಲ್ಲಿ ಆ ಹುಡುಗಿ ತೆರೆದ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು, ಭುಜಗಳನ್ನು ಕಿವಿಯವರೆಗೆ ಎತ್ತಿ, ಪಕ್ಕದವಳಿಗೂ ಕೇಳಿಸದ ಹಾಗೆ ಉಸಿರೆಳೆಯುತ್ತಿದ್ದಳು.